ಕಪ್ಪು ಕೋಟಿಗೆ ಮುಂಚಿನ ಎರಡು ವರ್ಷ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ವಕೀಲರ ಕಚೇರಿಗೆ ಬರುವ ಕಕ್ಷಿದಾರರು ಕೇಸಿನ ಮಾತು ಮುಗಿದು ಏಳುವ ಹೊತ್ತಿಗೆ ಇನ್ನೊಂದು ಮಾತು ತೆಗೆಯುತ್ತಾರೆ. "ನಮ್ಮ ಹುಡುಗಿ ಲಾ ಮಾಡ್ತೀನಿ ಅಂತಾಳೆ ಸಾರ್. ಪಿಯುಸಿಗೆ ಏನು ಕೊಡಿಸೋದು?" ಉತ್ತರವನ್ನೂ ಅವರೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. "ಆರ್ಟ್ಸೇ ಆಗಬೇಕಂತೆ, ಹೌದಾ?" ಎಂದು ಕೆಲವರು. "ತೊಂಬತ್ತೈದು ಪರ್ಸೆಂಟು ಬಂದಿದೆ, ಸೈನ್ಸ್ ಬಿಡಿಸಿದರೆ ನೆಂಟರು ನಗ್ತಾರೆ" ಎಂದು ಇನ್ನು ಕೆಲವರು. ನೆಂಟರ ನಗೆಗೆ ನನ್ನ ಬಳಿ ಮದ್ದಿಲ್ಲ. ಉಳಿದ ಪ್ರಶ್ನೆಗೆ ಇವತ್ತು ಸ್ವಲ್ಪ ವಿವರವಾಗಿ ಉತ್ತರ ಹೇಳುತ್ತೇನೆ.

ಮೊದಲು ನಿಯಮ ಏನಿದೆ ನೋಡೋಣ. ನಮ್ಮ ದೇಶದಲ್ಲಿ ಕಾನೂನು ಪದವಿಗೆ ಎರಡು ದಾರಿ. ಪಿಯುಸಿ ಆದ ಮೇಲೆ ನೇರವಾಗಿ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ., ಬಿ.ಬಿ.ಎ. ಎಲ್‌ಎಲ್‌.ಬಿ. ಮೊದಲಾದವು ಒಂದು. ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ. ಮಾಡುವುದು ಇನ್ನೊಂದು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳು ಐದು ವರ್ಷದ ಕೋರ್ಸಿಗೆ ಕೇಳುವುದು ಪಿಯುಸಿ ಅಥವಾ ಅದಕ್ಕೆ ಸಮನಾದ ತೇರ್ಗಡೆಯನ್ನು. ಅಂಕ ಸಾಮಾನ್ಯ ವರ್ಗಕ್ಕೆ ಶೇಕಡಾ 45, ಹಿಂದುಳಿದ ವರ್ಗಗಳಿಗೆ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40. ಯಾವ ಕಾಂಬಿನೇಶನ್ ಎಂದು ಯಾರೂ ಕೇಳುವುದಿಲ್ಲ. ಡಾಕ್ಟರಾಗಲು ಜೀವಶಾಸ್ತ್ರ ಬೇಕು, ಎಂಜಿನಿಯರಾಗಲು ಗಣಿತ ಬೇಕು. ವಕೀಲರಾಗಲು ಇಂಥದ್ದೇ ಬೇಕೆಂಬ ಷರತ್ತಿಲ್ಲ. ಪಿಸಿಎಂಬಿ ಓದಿದವನೂ ಎಚ್‌ಇಪಿಎಸ್ ಓದಿದವಳೂ ಮೊದಲ ದಿನ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅಷ್ಟೇ ಏಕೆ, ಬಿ.ಎ. ಎಲ್‌ಎಲ್‌.ಬಿ.ಯ ಆರಂಭದ ವರ್ಷಗಳಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಅ ಆ ಇ ಈಯಿಂದಲೇ ಹೇಳಿಕೊಡುತ್ತಾರೆ. ಹಾಗಾಗಿ "ಆರ್ಟ್ಸ್ ತಗೊಳ್ಳದಿದ್ದರೆ ಲಾ ಸಿಗೋಲ್ಲ" ಎಂಬುದು ಬರೀ ಬಾಯಿಮಾತು.

ಷರತ್ತಿಲ್ಲ ಎಂದ ಮೇಲೆ ಏನು ಓದಿದರೂ ಒಂದೇ ಅಲ್ಲವೇ ಎಂದು ಕೇಳಬಹುದು. ಒಂದೇ ಅಲ್ಲ. ಇಲ್ಲಿ ನಮ್ಮ ಮನೆಗಳಲ್ಲಿ ಬೇರೂರಿರುವ ಒಂದು ನಂಬಿಕೆಯ ಬಗ್ಗೆ ಹೇಳಬೇಕು. ಎದುರು ಮಾತಾಡುವ ಮಗುವನ್ನು ಕಂಡರೆ ಸಾಕು, "ಇವನು ಲಾಯರೇ ಆಗೋದು" ಎನ್ನುತ್ತಾರೆ. ಜಗಳಗಂಟ ಮಕ್ಕಳೆಲ್ಲ ವಕೀಲರಾಗಿದ್ದರೆ ನಮ್ಮ ಬಾರ್ ಅಸೋಸಿಯೇಶನ್ನಿನಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ. ವಕೀಲಿಯಲ್ಲಿ ಮಾತಾಡುವ ಹೊತ್ತು ತುಂಬ ಕಡಿಮೆ. ಓದುವ ಹೊತ್ತು ಜಾಸ್ತಿ, ಬರೆಯುವ ಹೊತ್ತು ಅದಕ್ಕಿಂತ ತುಸು ಕಡಿಮೆ. ಮುನ್ನೂರು ಪುಟದ ಕಡತ ಓದಿ, ಅದರಲ್ಲಿ ಕೇಸು ನಿಂತಿರುವ ಎರಡು ಪುಟ ಯಾವುವು ಎಂದು ಗುರುತಿಸುವವರು ನಮ್ಮಲ್ಲಿ ಒಳ್ಳೆಯ ವಕೀಲರು. ಆದ್ದರಿಂದ ಪಿಯುಸಿಯ ವಿಷಯ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ಯಾವುದನ್ನು ತೆಗೆದುಕೊಂಡರೆ ಈ ಮಗು ಈ ಎರಡು ವರ್ಷ ಉದ್ದುದ್ದ ಓದುತ್ತದೆ, ತನ್ನ ಮಾತಿನಲ್ಲಿ ಬರೆಯುತ್ತದೆ?

ಇತಿಹಾಸದಿಂದ ಶುರು ಮಾಡುತ್ತೇನೆ, ಏಕೆಂದರೆ ಅದನ್ನೇ ಜನ ಅತ್ಯಂತ ಕೀಳಾಗಿ ಕಾಣುವುದು. ಇಸವಿ ಬಾಯಿಪಾಠ ಮಾಡುವ ವಿಷಯ ಎಂದು ಅದಕ್ಕೆ ಹೆಸರು. ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಬಂದು ಕುಳಿತು ನೋಡಿ, ಇಸವಿಯ ಮೇಲೆಯೇ ಎಕರೆಗಟ್ಟಲೆ ಜಮೀನು ಆ ಕಡೆ ಈ ಕಡೆ ಆಗುತ್ತದೆ. ಪಾಲು ವಿಭಾಗದ ಒಂದು ದಾವೆ ಎಂದಿಟ್ಟುಕೊಳ್ಳಿ. ಅಕ್ಕನ ಮದುವೆ 1990ರಲ್ಲಿ ಆಯಿತು, ತಂಗಿಯದು 1996ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ಆ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ತಂಗಿ ಒಳಗೆ, ಅಕ್ಕ ಹೊರಗೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಈ ಭೇದ ಹೋಯಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಅದಕ್ಕೆ 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದಿತು. ಇನ್ನೂ ಹಿಂದಕ್ಕೆ ಹೋದರೆ, ಹಳೇ ಮೈಸೂರಿನಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದಿತ್ತು. ಅದು ಮುಂಬೈ ಪ್ರಾಂತದಲ್ಲಿದ್ದ ಧಾರವಾಡಕ್ಕಾಗಲಿ, ನಿಜಾಮರ ಕೆಳಗಿದ್ದ ಕಲಬುರಗಿಗಾಗಲಿ ಇರಲಿಲ್ಲ. ಮದ್ರಾಸ್ ಪ್ರಾಂತದ ಮಂಗಳೂರಿನ ಕಡೆ ಅಳಿಯಸಂತಾನದ ಲೆಕ್ಕವೇ ಬೇರೆ. ಕನ್ನಡ ನಾಡು ಒಂದಾದ 1956ರ ನವೆಂಬರ್ 1ಕ್ಕೆ ಮೊದಲು ಒಂದು ಊರು ಯಾರ ಕೆಳಗಿತ್ತು ಎಂದು ಗೊತ್ತಿಲ್ಲದವರು ಹಳೆಯ ಹಕ್ಕುಪತ್ರವನ್ನು ಓದುವುದು ಹೇಗೆ?

ಜಮೀನಿನ ಮಾತು ಬಂದರೆ ಇನ್ನೂ ಆಳ. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಗೇಣಿ ಜಮೀನು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳು ತೀರ್ಮಾನ ಕೊಟ್ಟವು. ಆ ಅರ್ಜಿಗಳ ಬಾಲ ಹಿಡಿದ ವ್ಯಾಜ್ಯಗಳು ಇವತ್ತಿಗೂ ನಿಂತಿಲ್ಲ. ಅರ್ಜಿ ಹಾಕಿದವರ ಮೊಮ್ಮಕ್ಕಳು ಈಗ ನಮ್ಮ ಕಕ್ಷಿದಾರರು. 1978ರ ಪಿಟಿಸಿಎಲ್ ಕಾಯ್ದೆಯನ್ನೇ ತೆಗೆದುಕೊಳ್ಳಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಮಾರಿದರೆ ಆ ಕ್ರಯವೇ ಶೂನ್ಯ ಎಂದು ಅದು ಹೇಳುತ್ತದೆ. ಬರೀ ಕಲಮುಗಳನ್ನು ಓದಿದವರಿಗೆ, ಮಾಲೀಕ ತನ್ನ ಜಮೀನು ತಾನು ಮಾರಬಾರದೇ ಎನ್ನಿಸುತ್ತದೆ. ಹಳ್ಳಿಯಲ್ಲಿ ಸಾಲ, ಜೀತ, ಜಾತಿ ಹೇಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂದು ಸಮಾಜಶಾಸ್ತ್ರದಲ್ಲಿ ಓದಿದ ಹುಡುಗಿಗೆ ಆ ಕಾಯ್ದೆ ಯಾಕೆ ಬಂತು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರಾಜ್ಯಶಾಸ್ತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂವಿಧಾನದ ಪಾಠಕ್ಕೆ ಅದು ನೇರ ಮೆಟ್ಟಿಲು ಎಂಬುದು ಎಲ್ಲರಿಗೂ ಗೊತ್ತು. ಮಕ್ಕಳಿಗೆ ಕುತೂಹಲ ಹುಟ್ಟಿಸಬೇಕೆಂದರೆ ಮೂರು ಹೆಸರು ಹೇಳಿ ಸಾಕು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಪ್ರಕರಣದಲ್ಲಿ 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದಿತು. ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದರಿಂದ ಹುಟ್ಟಿದ ಪ್ರಕರಣದ 1994ರ ತೀರ್ಪು, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂದು ಗೆರೆ ಹಾಕಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ 2017ರ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಉರು ಹೊಡೆಯುವ ಈ ಮೂರೂ ಹೆಸರು ಕನ್ನಡದ ನೆಲದವು.

ಇನ್ನು ಕಾಮರ್ಸ್. ಲೆಕ್ಕಕ್ಕೆ ಹೆದರಿ ಲಾ ಕಡೆ ಬರುವ ಮಕ್ಕಳಿದ್ದಾರೆ. ಅವರಿಗೆ ಒಂದು ಲೆಕ್ಕ ಹೇಳುತ್ತೇನೆ, ಪೆನ್ನು ಹಿಡಿದುಕೊಂಡರೆ ಒಳ್ಳೆಯದು. ಮೂವತ್ತು ವರ್ಷದ ಒಬ್ಬ ಆಟೋ ಚಾಲಕ ಅಪಘಾತದಲ್ಲಿ ತೀರಿಕೊಂಡ. ತಿಂಗಳ ದುಡಿಮೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ಪ್ರಣಯ್ ಸೇಠಿ ಪ್ರಕರಣದ 2017ರ ತೀರ್ಪಿನಂತೆ, ಸ್ವಂತ ದುಡಿಮೆಯ ನಲವತ್ತರೊಳಗಿನವನಿಗೆ ಮುಂದಿನ ಏಳಿಗೆಗೆಂದು ಶೇಕಡಾ 40 ಸೇರಿಸಬೇಕು: 21,000 ಆಯಿತು. ಸರ್ಲಾ ವರ್ಮಾ ಪ್ರಕರಣದ 2009ರ ತೀರ್ಪಿನಂತೆ, ನಾಲ್ಕರಿಂದ ಆರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯಬೇಕು: 15,750 ಉಳಿಯಿತು. ಹನ್ನೆರಡು ತಿಂಗಳಿಗೆ 1,89,000. ಮೂವತ್ತು ವರ್ಷದ ವಯಸ್ಸಿಗೆ ಗುಣಕ 17. ಒಟ್ಟು 32,13,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬ್ತು ಬೇರೆ. ಈಗ ವಿಮಾ ಕಂಪನಿಯ ವಕೀಲರು ಎದ್ದು, ತಾಯಿಗೆ ಬೇರೆ ಆದಾಯ ಇದೆ, ಆಕೆ ಅವಲಂಬಿತಳಲ್ಲ, ಅವಲಂಬಿತರು ಮೂವರೇ, ಆದ್ದರಿಂದ ಕಾಲುಭಾಗದ ಬದಲು ಮೂರನೇ ಒಂದು ಭಾಗ ಕಳೆಯಿರಿ ಎನ್ನುತ್ತಾರೆ. ಮೊತ್ತ 28,56,000ಕ್ಕೆ ಇಳಿಯುತ್ತದೆ. ಮೂರು ಲಕ್ಷ ಐವತ್ತೇಳು ಸಾವಿರ ಹೋಯಿತು. ಇದು ಏಳನೇ ತರಗತಿಯ ಭಿನ್ನರಾಶಿ ಅಷ್ಟೇ, ಆದರೆ ಕಟಕಟೆಯ ಮುಂದೆ ನಿಂತು ಬಾಯಲ್ಲೇ ಮಾಡಬೇಕು. ಚೆಕ್ ಬೌನ್ಸ್ ಕೇಸಿನಲ್ಲಿ ದಿನಗಳ ಲೆಕ್ಕ: ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಆಮೇಲೆ ದೂರು ಸಲ್ಲಿಸಲು ಒಂದು ತಿಂಗಳು. ದೂರು ಒಂದು ದಿನ ತಡವಾದರೂ ವಿಳಂಬ ಮನ್ನಿಸಿ ಎಂದು ಕೈಮುಗಿದು ನಿಲ್ಲಬೇಕು. ಅಕೌಂಟೆನ್ಸಿ ಓದಿದವರು ಪಾಲುದಾರಿಕೆ ವ್ಯಾಜ್ಯದಲ್ಲಿ, ಜಿಎಸ್‌ಟಿಯಲ್ಲಿ, ಕಂಪನಿ ದಿವಾಳಿ ಪ್ರಕರಣಗಳಲ್ಲಿ ಮಿಕ್ಕವರಿಗಿಂತ ನಾಲ್ಕು ಹೆಜ್ಜೆ ಮುಂದಿರುತ್ತಾರೆ. ಎದುರು ಪಕ್ಷದ ಆಡಿಟರನ್ನು ಪಾಟಿ ಸವಾಲಿಗೆ ಕರೆದಾಗ ಇದರ ರುಚಿ ಗೊತ್ತಾಗುತ್ತದೆ.

ವಿಜ್ಞಾನ ಓದಿದರೆ ವ್ಯರ್ಥವೇ? ಖಂಡಿತ ಅಲ್ಲ. ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಎಂ.ಎನ್. ವೆಂಕಟಾಚಲಯ್ಯನವರು ವಿಜ್ಞಾನದ ಪದವೀಧರರು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಮೊದಲ ಪದವಿ ಇತಿಹಾಸದಲ್ಲಿ, ಅಂಬೇಡ್ಕರ್ ಅವರದು ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದಲ್ಲಿ. ಕೇಶವಾನಂದರ ಪರ ವಾದಿಸಿದ ನಾನಿ ಪಾಲ್ಖಿವಾಲಾ ಇಂಗ್ಲಿಷ್ ಸಾಹಿತ್ಯದ ಎಂ.ಎ. ಎಲ್ಲ ದಾರಿಗಳೂ ಅಲ್ಲಿಗೆ ಸೇರಿವೆ. ಪೇಟೆಂಟ್ ಕೆಲಸ ಮಾಡುವ ಆಸೆಯಿದ್ದರಂತೂ ವಿಜ್ಞಾನವೇ ಬೇಕು; ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ, ಬರೀ ಪಿಯುಸಿ ಸಾಲದು. ಕ್ಯಾನ್ಸರ್ ಔಷಧ ಗ್ಲಿವೆಕ್ ಕುರಿತ ನೋವಾರ್ಟಿಸ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಪುಟಗಟ್ಟಲೆ ಚರ್ಚಿಸಿದ್ದು ಒಂದು ರಾಸಾಯನಿಕದ ಹರಳಿನ ರೂಪವನ್ನು. ಅದನ್ನು ಕೆಮಿಸ್ಟ್ರಿ ಬಲ್ಲವರು ಓದುವ ರೀತಿಯೇ ಬೇರೆ.

ನನ್ನ ತಕರಾರು ಇರುವುದು ವಿಜ್ಞಾನದ ಮೇಲಲ್ಲ, ವಿಜ್ಞಾನದ ಹೆಸರಿನಲ್ಲಿ ನಡೆಯುವ ಎರಡು ವರ್ಷದ ಕಸರತ್ತಿನ ಮೇಲೆ. ಬೆಳಗ್ಗೆ ಆರಕ್ಕೆ ಕೋಚಿಂಗ್, ಹಗಲು ಕಾಲೇಜು, ರಾತ್ರಿ ನೀಟ್ ಟೆಸ್ಟು. ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದರಲ್ಲೇ ಹದಿನೇಳು ವರ್ಷದ ಮಗುವಿನ ಕೈ ಪಳಗುತ್ತದೆ. ಒಂದು ಪುಟ ಬರೆ ಎಂದರೆ ಮೂರು ಸಾಲಿಗೆ ಸುಸ್ತು. "ಸೇಫ್ಟಿಗೆ ಪಿಸಿಎಂಬಿ ಇರಲಿ, ಲಾ ಆಮೇಲೆ ನೋಡೋಣ" ಎಂದು ಮಕ್ಕಳನ್ನು ಅಲ್ಲಿಗೆ ತಳ್ಳುವ ತಂದೆತಾಯಿಯರೇ, ಮಗುವಿಗೆ ಫಿಸಿಕ್ಸ್ ಇಷ್ಟವಿದ್ದರೆ ಧಾರಾಳವಾಗಿ ಓದಿಸಿ. ಇಷ್ಟವಿಲ್ಲದಿದ್ದರೆ ಅದರಲ್ಲಿ ಸೇಫ್ಟಿ ಏನೂ ಇಲ್ಲ. ಕಡಿಮೆ ಅಂಕ ಬಂದು ಐದು ವರ್ಷದ ಕೋರ್ಸಿನ ಪ್ರವೇಶಕ್ಕೂ ಸಂಚಕಾರ ಬರುತ್ತದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಬಹುತೇಕ ಕಾಲೇಜುಗಳಲ್ಲಿ ಸೀಟು ಸಿಗುವುದು ಪಿಯು ಅಂಕದ ಮೇಲೆಯೇ.

ಈ ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೇಳಬೇಕಾದದ್ದು ಭಾಷೆಯ ಬಗ್ಗೆ. ಪಿಯುಸಿಯಲ್ಲಿ ಎರಡು ಭಾಷೆ ಇರುತ್ತವೆ. ನಾಲ್ಕು ವಿಷಯಗಳ ಗದ್ದಲದಲ್ಲಿ ಆ ಎರಡನ್ನು ಯಾರೂ ಗಮನಿಸುವುದಿಲ್ಲ. ಒಂದು ಇಂಗ್ಲಿಷ್, ಇನ್ನೊಂದಕ್ಕೆ ಅಂಕ ಸುಲಭ ಎಂಬ ಕಾರಣಕ್ಕೆ ಕನ್ನಡ ಬಿಟ್ಟು ಸಂಸ್ಕೃತ ತೆಗೆದುಕೊಳ್ಳುವುದು ಈಗ ರೂಢಿ. ಸಂಸ್ಕೃತದ ಮೇಲೆ ನನಗೇನೂ ಮುನಿಸಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಕಾನೂನಿಗೆ ಆಧಾರವಾದ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಅದನ್ನು ಮೂಲದಲ್ಲಿ ಓದುವಷ್ಟು ಸಂಸ್ಕೃತ ಕಲಿಯುವುದಾದರೆ ನಾನೇ ಶಾಲು ಹೊದಿಸುತ್ತೇನೆ. ಅಂಕಕ್ಕಾಗಿ ಓದಿದ ಸಂಸ್ಕೃತ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ, ಓದದೇ ಬಿಟ್ಟ ಕನ್ನಡ ಮಾತ್ರ ಇಪ್ಪತ್ತೈದನೇ ವಯಸ್ಸಿನಲ್ಲಿ ಕಾಡುತ್ತದೆ.

ಕಾಡುವುದು ಹೇಗೆಂದು ಹೇಳುತ್ತೇನೆ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಸರಿ. ಆದರೆ ಆ ಕೇಸು ಹುಟ್ಟುವುದು ಎಲ್ಲಿ? ತಾಲ್ಲೂಕಿನಲ್ಲಿ. ಪಹಣಿ ಕನ್ನಡದಲ್ಲಿ, ಕ್ರಯಪತ್ರ ಕನ್ನಡದಲ್ಲಿ, ಚಕ್ಕುಬಂದಿ ಕನ್ನಡದಲ್ಲಿ, ಪೊಲೀಸ್ ದೂರು, ಮಹಜರು ಎಲ್ಲ ಕನ್ನಡದಲ್ಲಿ. ಖುಷ್ಕಿ, ತರಿ, ಖರಾಬು, ಪೋಡಿ, ಹಿಸ್ಸೆ, ಭೋಗ್ಯ ಇವು ಇಂಗ್ಲಿಷ್ ಮಾಧ್ಯಮದ ಹುಡುಗನಿಗೆ ಗ್ರೀಕ್ ಭಾಷೆ ಇದ್ದಂತೆ. ಸಾಕ್ಷಿಯೋ ಪಕ್ಕಾ ತನ್ನ ಊರಿನ ಕನ್ನಡದಲ್ಲಿ ಮಾತಾಡುತ್ತಾನೆ. ಗಲಾಟೆ ಎಷ್ಟು ಹೊತ್ತಿಗಾಯಿತು ಎಂದು ಕೇಳಿದರೆ "ದನ ಹಟ್ಟಿಗೆ ಬರೋ ಹೊತ್ತು ಸ್ವಾಮಿ" ಎನ್ನುತ್ತಾನೆ. ಅದು ಕಡತದಲ್ಲಿ ಸಂಜೆ ಆರು ಗಂಟೆ ಎಂದು ದಾಖಲಾಯಿತು ಎನ್ನಿ. ಡಿಸೆಂಬರಿನಲ್ಲಿ ಆರಕ್ಕೆ ಕತ್ತಲೆ ಕವಿಯುತ್ತದೆ, ಜೂನಿನಲ್ಲಿ ಬೆಳಕಿರುತ್ತದೆ. ಆರೋಪಿಯ ಮುಖ ಕಂಡಿತೋ ಇಲ್ಲವೋ ಎಂಬ ಇಡೀ ಪಾಟಿ ಸವಾಲು ಆ ಒಂದು ಮಾತಿನ ಮೇಲೆ ನಿಲ್ಲುತ್ತದೆ. ಅದನ್ನು ಹಿಡಿಯುವ ಕಿವಿ ಬೇಕು. ಐಚ್ಛಿಕ ಕನ್ನಡ ಇರುವ ಕಾಲೇಜು ಹತ್ತಿರದಲ್ಲಿದ್ದರೆ ನಾನಂತೂ ಅದನ್ನು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜೊತೆಗಿಟ್ಟು ಓದಿಸುತ್ತೇನೆ. ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವೂ ಇದೆ.

ಹಾಗೆಂದು ಇಂಗ್ಲಿಷ್ ಸಡಿಲ ಬಿಟ್ಟರೆ ನಡೆಯದು. ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. 120 ನಿಮಿಷ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಬಹುಪಾಲು ಪ್ರಶ್ನೆಗಳು ಉದ್ದನೆಯ ಗದ್ಯಭಾಗ ಓದಿ ಉತ್ತರಿಸುವಂಥವು. ಗಣಿತ ಇರುವುದು ಹತ್ತನೇ ತರಗತಿ ಮಟ್ಟದ್ದು, ಅದೂ ಸ್ವಲ್ಪ. ಈಚಿನ ವರ್ಷಗಳಲ್ಲಿ ಇದು ಡಿಸೆಂಬರಿನಲ್ಲಿ, ಅಂದರೆ ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆಗಿಂತ ಮೊದಲೇ ನಡೆಯುತ್ತಿದೆ. ಪರೀಕ್ಷೆ ಮುಗಿಸಿ ನೋಡೋಣ ಎನ್ನುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಬೆಂಗಳೂರು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ, ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇಕಡಾ 25ರ ಮೀಸಲು ಇದೆ ಎಂಬುದು ನಮ್ಮ ಹಳ್ಳಿಗಳ ಎಷ್ಟೋ ಮೇಷ್ಟರಿಗೂ ತಿಳಿದಿರುವುದಿಲ್ಲ, ಅದಕ್ಕೇ ಹೇಳಿದೆ. ದಿನವೂ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ಒಂದು ಕನ್ನಡ ಪತ್ರಿಕೆಯ ಸಂಪಾದಕೀಯ ಓದಿ, ಎರಡರ ಸಾರವನ್ನು ಅದಲುಬದಲು ಭಾಷೆಯಲ್ಲಿ ಬರೆಯುವ ಹುಡುಗಿಗೆ ಲಕ್ಷಗಟ್ಟಲೆ ಶುಲ್ಕದ ಕೋಚಿಂಗ್ ಅನಿವಾರ್ಯವೇನಲ್ಲ.

ನಮ್ಮ ಪಿಯು ಪಟ್ಟಿಯ ಮೂಲೆಯಲ್ಲಿ ತರ್ಕಶಾಸ್ತ್ರ ಎಂಬ ವಿಷಯವೊಂದಿದೆ. ಕೆಲವೇ ಕಾಲೇಜುಗಳಲ್ಲಿ ಉಳಿದಿದೆ. ಹೊಗೆ ಇದ್ದಲ್ಲಿ ಬೆಂಕಿ ಎಂಬ ಮಾತು ಯಾವಾಗ ನಿಲ್ಲುತ್ತದೆ, ಯಾವಾಗ ಬೀಳುತ್ತದೆ ಎಂದು ಅಲ್ಲಿ ಕಲಿಸುತ್ತಾರೆ. ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಂತ ಕೊಲೆ ಮೊಕದ್ದಮೆಯಲ್ಲಿ ನಾವು ಮಾಡುವುದೂ ಅದನ್ನೇ. ಸಿಕ್ಕರೆ ಬಿಡಬೇಡಿ.

ಇಷ್ಟಾಗಿಯೂ ಮನೆಯಲ್ಲಿ ಒಮ್ಮತ ಬರದಿದ್ದರೆ ಅವಸರ ಬೇಡ. ಹದಿನಾರನೇ ವಯಸ್ಸಿನಲ್ಲಿ ಆರಿಸಿದ್ದು ಹಣೆಬರಹವಲ್ಲ, ಬಿ.ಎಸ್ಸಿ., ಬಿ.ಕಾಂ., ಎಂಜಿನಿಯರಿಂಗ್ ಏನು ಮುಗಿಸಿದರೂ ಮೂರು ವರ್ಷದ ಎಲ್‌ಎಲ್‌.ಬಿ. ತೆರೆದೇ ಇರುತ್ತದೆ. ಅರ್ಜಿ ತುಂಬುವ ಮೊದಲು ಒಂದು ಕೆಲಸ ಮಾಡಿ. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಎಲ್ಲರಿಗೂ ಮುಕ್ತ. ಬೇಸಿಗೆಯಲ್ಲಿ ಸಿವಿಲ್ ಕೋರ್ಟುಗಳಿಗೆ ರಜೆ, ಮ್ಯಾಜಿಸ್ಟ್ರೇಟ್ ಕೋರ್ಟು ನಡೆಯುತ್ತಿರುತ್ತದೆ. ಮಗುವನ್ನು ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಒಂದು ಬೆಳಗ್ಗೆ ಕೂರಿ, ಮೊಬೈಲ್ ಬಂದ್ ಮಾಡಿ. ಊರು ದೂರವಾದರೆ ನಮ್ಮ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತದೆ. ಸಿನಿಮಾದ ಆರ್ಭಟ ಏನೂ ಇರುವುದಿಲ್ಲ. ಕೂಗುತ್ತಾರೆ, ಬರುತ್ತಾರೆ, ಮುಂದಿನ ತಾರೀಖು ತೆಗೆದುಕೊಂಡು ಹೋಗುತ್ತಾರೆ. ಮಧ್ಯೆ ಎಲ್ಲೋ ಒಂದು ಕಡೆ ಯಾರೋ ಒಬ್ಬ ವಕೀಲರು ಹಳದಿ ಬಣ್ಣಕ್ಕೆ ತಿರುಗಿದ ಕಾಗದವೊಂದನ್ನು ಎತ್ತಿ ಹಿಡಿದು ಸಾಕ್ಷಿಗೆ ನಾಲ್ಕು ಪ್ರಶ್ನೆ ಕೇಳಿರುತ್ತಾರೆ. ಹೊರಗೆ ಬಂದ ಮೇಲೆ ಆ ಕಾಗದದಲ್ಲಿ ಏನಿತ್ತು ಎಂದು ಮಗು ಕೇಳಿದರೆ ಕಾಲೇಜಿಗೆ ಹೋಗಿ ಅರ್ಜಿ ತನ್ನಿ. ತರುವಾಗ, ಇತಿಹಾಸಕ್ಕೂ ಕನ್ನಡಕ್ಕೂ ಕಾಯಂ ಉಪನ್ಯಾಸಕರು ಇದ್ದಾರೋ ಇಲ್ಲವೋ ಎಂದು ಕಚೇರಿಯಲ್ಲಿ ವಿಚಾರಿಸಿಯೇ ಶುಲ್ಕ ಕಟ್ಟಿ.